ಹೂವಿಗಿಂತ ಮೊದಲು ಹಿನ್ನೆಲೆ

ಕೇಳುಗರೆಲ್ಲರಿಗೂ ನಮಸ್ಕಾರ. ವಸಂತ ಬಂತೆಂದರೆ ಸಸ್ಯೋದ್ಯಾನಗಳ ಕಾಲುದಾರಿಗಳಲ್ಲಿ ಹೂವುಗಳಷ್ಟೇ ಕ್ಯಾಮೆರಾಗಳೂ ಕಾಣತೊಡಗುತ್ತವೆ. ಅವುಗಳಲ್ಲಿ ಒಂದು ನಿಮ್ಮದೂ ಆಗಿರಬಹುದೆಂದು ಭಾವಿಸಿ ಮಾತನಾಡುತ್ತಿದ್ದೇನೆ. ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದು ಹವ್ಯಾಸಿಗಳು ನನ್ನನ್ನು ಕೇಳುವ ಮೊದಲ ಪ್ರಶ್ನೆ. ಇಂದು ಅದಕ್ಕೆ ಉತ್ತರ ಕೊಡುವುದಿಲ್ಲ. ನಿಮ್ಮ ಕೈಯಲ್ಲಿರುವುದೇ ಸಾಕು, ಅದು ಮೊಬೈಲ್ ಆದರೂ ಸರಿಯೇ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಹೂವನ್ನು ನೋಡುವ ಮೊದಲು ಹೂವಿನ ಹಿಂದೆ ಏನಿದೆ ಎಂಬುದನ್ನು ನೋಡಿ.

ಹೂವು ಎದುರಿಗಿದ್ದಾಗ ನಮ್ಮ ಗಮನವೆಲ್ಲ ಅದರ ಮೇಲೆಯೇ ನೆಟ್ಟಿರುತ್ತದೆ. ಹಿಂದಿರುವ ನೀರಿನ ಕೊಳವೆ, ಕಸದ ಡಬ್ಬಿ, ಬಿಳಿ ಅಂಗಿ ತೊಟ್ಟು ನಿಂತವರು, ಇವೆಲ್ಲ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಅಲ್ಲದೆ, ನಮ್ಮ ಎರಡು ಕಣ್ಣುಗಳೂ ಒಂದೇ ವಸ್ತುವನ್ನು ತುಸು ಬೇರೆ ಬೇರೆ ಕೋನಗಳಿಂದ ಕಾಣುವುದರಿಂದ ಹೂವು ಹತ್ತಿರದ್ದು, ಪೊದೆ ದೂರದ್ದು ಎಂಬುದು ತಾನಾಗಿಯೇ ತಿಳಿಯುತ್ತದೆ. ಚಿತ್ರದಲ್ಲಿ ಆ ಅಂತರ ಅಳಿದುಹೋಗುತ್ತದೆ. ಕಸದ ಡಬ್ಬಿ ಹೂವಿನ ತಲೆಯ ಮೇಲೆಯೇ ಬಂದು ಕೂರುತ್ತದೆ.

ಇದನ್ನು ವಿವರಿಸುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗವಿದೆ. ಹವ್ಯಾಸಿಗಳ ಗುಂಪೊಂದನ್ನು ಸಸ್ಯೋದ್ಯಾನಕ್ಕೆ ಕರೆದೊಯ್ದಿದ್ದೆ. ಬಿಳಿಯ ಮ್ಯಾಗ್ನೋಲಿಯಾ ಮರವೊಂದು ಮೈತುಂಬ ಅರಳಿತ್ತು. ವಸಂತದ ಹಲವು ಮ್ಯಾಗ್ನೋಲಿಯಾಗಳು ಎಲೆ ಚಿಗುರುವುದಕ್ಕೂ ಮೊದಲೇ ಹೂ ಬಿಡುತ್ತವೆ. ಕಣ್ಣಿಗೆ ಅದು ಸೊಗಸು, ಕ್ಯಾಮೆರಾಕ್ಕೆ ತೊಡಕು, ಏಕೆಂದರೆ ಹೂವಿನ ಹಿಂದೆ ಹಸಿರೇ ಇರುವುದಿಲ್ಲ, ಬರಿಯ ಆಕಾಶವಿರುತ್ತದೆ. ಆ ದಿನ ಮೋಡ ಕವಿದು ಆಕಾಶವೂ ಬೆಳ್ಳಗಿತ್ತು. ಗುಂಪಿನಲ್ಲಿದ್ದ ಮಹಿಳೆಯೊಬ್ಬರು ಕತ್ತೆತ್ತಿ ಒಂದರ ಹಿಂದೊಂದು ಚಿತ್ರ ತೆಗೆಯುತ್ತಿದ್ದರು. ಪ್ರತಿ ಚಿತ್ರದಲ್ಲೂ ಹೂವು ಮಾಸಿದ ಬಟ್ಟೆಯಂತೆ ಬೂದಾಗಿ ಬರುತ್ತಿತ್ತು. ಬೆಳಕು ಒಳಬಿಡುವ ಕಿಂಡಿಯಾದ ಅಪರ್ಚರ್ ಬದಲಿಸಿದರು, ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕೆಂಬ ಐಎಸ್‌ಒ ಬದಲಿಸಿದರು, ಕೊನೆಗೆ "ಈ ಲೆನ್ಸ್ ಸರಿಯಿಲ್ಲ ಅನ್ನಿಸುತ್ತದೆ ಸರ್" ಎಂದರು.

ಕ್ಯಾಮೆರಾವನ್ನು ಚೀಲದಲ್ಲಿಡಿ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ಆದರೂ ಒಂದು ಕಣ್ಣು ಮುಚ್ಚಿಕೊಂಡು, ಒಂದೇ ಹೂವಿನ ಮೇಲೆ ದೃಷ್ಟಿಯಿಟ್ಟು, ಮರದ ಸುತ್ತ ನಿಧಾನವಾಗಿ ನಡೆಯುವಂತೆ ಒಪ್ಪಿಸಿದೆ. ಉಳಿದವರು ನಗುತ್ತಿದ್ದರು. ಅವರು ಒಂದೊಂದೇ ಹೆಜ್ಜೆಯಿಡುತ್ತ ಹಿಂಭಾಗಕ್ಕೆ ಬಂದು ಥಟ್ಟನೆ ನಿಂತುಬಿಟ್ಟರು. ಅಲ್ಲಿ ನೆಲ ತುಸು ಎತ್ತರವಿತ್ತು. ಅಲ್ಲಿಂದ ನೋಡಿದರೆ ಅದೇ ಹೂವಿನ ಹಿಂದೆ ಆಕಾಶವಿರಲಿಲ್ಲ, ನೆರಳಿನಲ್ಲಿ ಕಪ್ಪಗೆ ಕಾಣುವ ಸೂಚಿಪರ್ಣಿ ಮರಗಳ ಸಾಲಿತ್ತು. ಹೂವಿನ ಬುಡದಲ್ಲಿ ಮೊಗ್ಗಿನ ಹೊದಿಕೆಯ ಚೂರೊಂದು ಇನ್ನೂ ನೇತಾಡುತ್ತಿತ್ತು. ಅದರ ಮೇಲಿನ ನವಿರಾದ ರೋಮಗಳು ಆ ಕಪ್ಪಿನ ಮುಂದೆ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. "ಹೂವು ಅದೇ ತಾನೇ ಸರ್?" ಎಂದು ಕೇಳಿದರು. "ಹೂವು ಅದೇ ಅಮ್ಮಾ, ಹಿಂದಿರುವುದು ಬೇರೆ" ಎಂದೆ. ಲೆನ್ಸಿನ ಮಾತು ಅವರು ಮತ್ತೆ ಎತ್ತಲಿಲ್ಲ.

ಈ ಪ್ರಸಂಗ ಹೇಳಹೊರಟಾಗಲೆಲ್ಲ ನನ್ನ ಸಮಯದ ಬಹುಪಾಲು ಅದಕ್ಕೇ ಹೋಗುತ್ತದೆ. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಕ್ರೋಕಸ್‌ನಂತಹ ಗಿಡ್ಡ ಹೂವುಗಳನ್ನು ದಯವಿಟ್ಟು ನಿಂತುಕೊಂಡು ತೆಗೆಯಬೇಡಿ. ಮೇಲಿನಿಂದ ನೋಡಿದರೆ ಹಿಂದೆ ಕಾಣುವುದು ಮಣ್ಣು ಮಾತ್ರ. ಮೊಬೈಲ್ ಇದ್ದರೆ ಅದನ್ನು ತಲೆಕೆಳಗಾಗಿ ಹಿಡಿಯಿರಿ. ಲೆನ್ಸ್ ನೆಲಕ್ಕೆ ಹತ್ತಿರವಾಗಿ, ಮಣ್ಣು ಸರಿದು ದೂರದ ಹಸಿರು ಹಿನ್ನೆಲೆಗೆ ಬರುತ್ತದೆ. ಕ್ರೋಕಸ್, ಟುಲಿಪ್ ಎರಡೂ ತಂಪಿನಲ್ಲಿ ಮುಚ್ಚಿಕೊಂಡು, ಬಿಸಿಲಿಗೆ ಬೆಚ್ಚಗಾದಾಗ ತೆರೆದುಕೊಳ್ಳುತ್ತವೆ. ಹಾಗಾಗಿ ಕೇಸರ ಕಾಣುವಂತೆ ಅರಳಿದ ಹೂವು ಬೇಕೆನ್ನುವವರು ಬೆಳ್ಳಂಬೆಳಗ್ಗೆಯೇ ಓಡಿ ಬರಬೇಕಾಗಿಲ್ಲ.

ಲೆನ್ಸ್ ಬದಲಿಸಬಲ್ಲ ಕ್ಯಾಮೆರಾ ಇರುವವರಿಗೂ ಒಂದು ಮಾತು. 35 ಮಿಲಿಮೀಟರ್ ಫಿಲ್ಮಿನ ಅಳತೆಯ ಸೆನ್ಸರ್ (ಚಿತ್ರ ಮೂಡುವ ಫಲಕ) ಮೇಲೆ 50 ಮಿಲಿಮೀಟರ್ ಲೆನ್ಸ್ ಮೂಲೆಯಿಂದ ಎದುರು ಮೂಲೆಗೆ ಸುಮಾರು 47 ಡಿಗ್ರಿಯಷ್ಟು ದೃಶ್ಯವನ್ನು ಕಂಡರೆ, 100 ಮಿಲಿಮೀಟರ್ ಲೆನ್ಸ್ ಸುಮಾರು 24 ಡಿಗ್ರಿಯಷ್ಟನ್ನೇ ಕಾಣುತ್ತದೆ. ಅಂದರೆ ಹಿನ್ನೆಲೆಯ ಸಣ್ಣ ತುಣುಕೊಂದೇ ಚೌಕಟ್ಟಿನೊಳಗೆ ಬರುತ್ತದೆ, ನೀವು ಒಂದು ಗೇಣು ಪಕ್ಕಕ್ಕೆ ಸರಿದರೂ ಅದು ಪೂರ್ತಿ ಬದಲಾಗಿಬಿಡುತ್ತದೆ. ಹೂ ತೆಗೆಯುವವರು ಉದ್ದದ ಲೆನ್ಸನ್ನು ಮೆಚ್ಚುವುದು ಇದೇ ಕಾರಣಕ್ಕೆ. ತೀರ ಹತ್ತಿರದಿಂದ ತೆಗೆಯಬಲ್ಲ ಮ್ಯಾಕ್ರೋ ಲೆನ್ಸಿನಲ್ಲಿ ಹೂವನ್ನು ಸೆನ್ಸರ್ ಮೇಲೆ ಅದರ ನಿಜಗಾತ್ರಕ್ಕೆ ಸೆರೆಹಿಡಿಯುವಾಗ, ಅಪರ್ಚರನ್ನು ಎಫ್ 8ರಷ್ಟು ಕಿರಿದಾಗಿಸಿದರೂ ಸ್ಪಷ್ಟವಾಗಿ ಮೂಡುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ; ಗಾಳಿ ಬೀಸುತ್ತಿದ್ದರೆ ಕಾಯಿರಿ. ಹಿನ್ನೆಲೆ ಮಸುಕಾಗಿಬಿಡುತ್ತದಲ್ಲ, ಮತ್ತೇಕೆ ನೋಡಬೇಕು ಎಂದು ಕೇಳುವವರಿದ್ದಾರೆ. ಮಸುಕಾದ ಕಿತ್ತಳೆ ಬಣ್ಣದ ಡಬ್ಬಿಯೂ ಕಿತ್ತಳೆಯಾಗಿಯೇ ಇರುತ್ತದೆ, ಸ್ವಾಮಿ! ನೋಡಲೇಬೇಕು.

ಹಿನ್ನೆಲೆ ಸರಿಯಿಲ್ಲವೆಂದಾದರೆ ನೀವು ಸರಿಯಬೇಕು, ಗಿಡವನ್ನು ಸರಿಸಬಾರದು. ಪಾತಿಯೊಳಗೆ ಕಾಲಿಟ್ಟರೆ ಮಣ್ಣಿನಿಂದ ಆಗತಾನೇ ಇಣುಕುತ್ತಿರುವ ಮೊಳಕೆಗಳು ಮುರಿಯುತ್ತವೆ. ಇನ್ನು ಕೆಲವರು ಚಿತ್ರಕ್ಕೆ ಅಡ್ಡವೆಂದು ಹೆಸರಿನ ಫಲಕವನ್ನೇ ಕಿತ್ತು, ಆಮೇಲೆ ತೋಚಿದ ಕಡೆ ನೆಟ್ಟು ಹೋಗುತ್ತಾರೆ. ಇದನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ಆ ಫಲಕದಲ್ಲಿ ಗಿಡದ ಲ್ಯಾಟಿನ್ ಹೆಸರಿರುತ್ತದೆ, ಅನೇಕ ಕಡೆ ದಾಖಲೆ ಸಂಖ್ಯೆಯೂ ಇರುತ್ತದೆ. ಆ ಗಿಡ ಎಲ್ಲಿಂದ, ಯಾವಾಗ ಬಂತು ಎಂಬುದನ್ನು ಉದ್ಯಾನದವರು ಆ ಸಂಖ್ಯೆಯಿಂದಲೇ ಹುಡುಕಿ ತೆಗೆಯುತ್ತಾರೆ. ಪಕ್ಕದ ಗಿಡಕ್ಕೆ ಹೋದ ಫಲಕ ಎರಡು ಗಿಡಗಳ ಗುರುತನ್ನೂ ಕೆಡಿಸುತ್ತದೆ. ಫಲಕವನ್ನು ಇದ್ದಲ್ಲಿಯೇ ಬಿಟ್ಟು, ಅದರದೊಂದು ಚಿತ್ರವನ್ನು ಬೇರೆಯಾಗಿ ತೆಗೆದುಕೊಳ್ಳಿ. ಮನೆಗೆ ಹೋದ ಮೇಲೆ ಯಾವ ಹೂವು ಯಾವುದೆಂದು ತಿಳಿಯಲು ಅದು ಬೇಕಾಗುತ್ತದೆ. ಆ ಒಂದು ಚಿತ್ರಕ್ಕೆ ಮಾತ್ರ ಹಿನ್ನೆಲೆ ಹೇಗಿದ್ದರೂ ನಡೆಯುತ್ತದೆ. ನಮಸ್ಕಾರ.