ಮಾತ್ರೆ ಆಮೇಲೆ, ರಕ್ತ ಮೊದಲು

ಕೇಳುಗರಿಗೆ ನಮಸ್ಕಾರ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು. ವಿಷಮಶೀತ ಜ್ವರ, ಅಂದರೆ ಟೈಫಾಯ್ಡ್ ಎಂಬ ಸಂಶಯ ಬಂದರೆ, ಮೊದಲ ಆಂಟಿಬಯಾಟಿಕ್ ಮಾತ್ರೆ ನುಂಗುವ ಮುನ್ನವೇ ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆಗೆ ರಕ್ತ ಕೊಡಿ. ಮಾತ್ರೆ ಆಮೇಲೆ, ರಕ್ತ ಮೊದಲು.

ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ ಹೇಳುತ್ತೇನೆ. 1948ರಲ್ಲಿ ಸ್ಮಾಡೆಲ್, ವುಡ್‌ವರ್ಡ್ ಮೊದಲಾದ ಅಮೆರಿಕದ ವೈದ್ಯರು ಕ್ವಾಲಾಲಂಪುರಕ್ಕೆ ಹೋದರು. ಕೈಯಲ್ಲಿ ಕ್ಲೋರಾಂಫೆನಿಕಾಲ್ ಎಂಬ ಹೊಸ ಔಷಧ. ವೆನೆಜುವೆಲಾದ ಮಣ್ಣಿನಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿಯ ಕೊಡುಗೆ ಅದು. ಅವರು ಪರೀಕ್ಷಿಸಲು ಹೊರಟಿದ್ದು ಸ್ಕ್ರಬ್ ಟೈಫಸ್ ಎಂಬ ಬೇರೆಯೇ ಜ್ವರದ ಮೇಲೆ. ಆದರೆ ಔಷಧ ಪಡೆದವರಲ್ಲಿ ಕೆಲವರಿಗೆ ಇದ್ದದ್ದು ಟೈಫಾಯ್ಡ್ ಎಂದು ಆಮೇಲೆ ತಿಳಿಯಿತು. ಆ ಕಾಲದ ಟೈಫಾಯ್ಡ್ ಎಂದರೆ ವಾರಗಟ್ಟಲೆ ಸುಡುವ ಮೈ, ಕರುಳಿನಲ್ಲಿ ರಕ್ತಸ್ರಾವ, ಕೆಲವರಲ್ಲಿ ಕರುಳೇ ತೂತು. ನೂರು ರೋಗಿಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸಾಯುತ್ತಿದ್ದರು. ಅಂಥ ಜ್ವರ ಮೂರು ನಾಲ್ಕು ದಿನಗಳಲ್ಲಿ ಇಳಿದುಹೋಯಿತು! ಆ ರೋಗಿಗಳ ಹಾಸಿಗೆಯ ಪಕ್ಕ ನಿಂತಿದ್ದವರಿಗೆ ಹೇಗೆ ಅನಿಸಿರಬೇಕು, ಯೋಚಿಸಿ. ಔಷಧ ನಿಲ್ಲಿಸಿದ ಮೇಲೆ ಕೆಲವರಲ್ಲಿ ಜ್ವರ ಮರುಕಳಿಸಿದ್ದೂ ಉಂಟು. ಜ್ವರ ಬಿಟ್ಟಿತು ಎಂದರೆ ಬ್ಯಾಕ್ಟೀರಿಯಾ ಸತ್ತಿತು ಎಂದಲ್ಲ. ಅರ್ಧಕ್ಕೇ ಮಾತ್ರೆ ನಿಲ್ಲಿಸುವವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ.

ಆ ಸಂತೋಷ ಕಾಲು ಶತಮಾನವೂ ಬಾಳಲಿಲ್ಲ. 1972ರಲ್ಲಿ ಮೆಕ್ಸಿಕೋದಲ್ಲಿ, ಅದೇ ವರ್ಷ ಕೇರಳದ ಕೋಳಿಕ್ಕೋಡಿನಲ್ಲಿ, ಕ್ಲೋರಾಂಫೆನಿಕಾಲ್‌ಗೆ ಜಗ್ಗದ ಟೈಫಾಯ್ಡ್ ಹಬ್ಬಿತು. ಮುಂದೆ ಮೂರು ಹಳೆಯ ಔಷಧಗಳನ್ನು ಒಟ್ಟಿಗೇ ಎದುರಿಸುವ ತಳಿಗಳು ಬಂದವು. ಸಿಪ್ರೋಫ್ಲಾಕ್ಸಾಸಿನ್ ಕೈಹಿಡಿಯಿತು, ಅದೂ ಸೋತಿತು. 2016ರಲ್ಲಿ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಲ್ಲಿ ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದೂ ನಾಟದ ತಳಿ ಕಾಣಿಸಿಕೊಂಡಿತು. ಬ್ಯಾಕ್ಟೀರಿಯಾಗಳು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರಗಳನ್ನು ಒಂದಕ್ಕೊಂದು ದಾಟಿಸಿಕೊಳ್ಳುತ್ತವೆ. ಅಂಥ ಒಂದೇ ಉಂಗುರ ಹಲವು ಔಷಧಗಳನ್ನು ಒಮ್ಮೆಗೇ ಕೆಡಿಸಬಲ್ಲದು. ಸಿಂಧ್‌ನ ಆ ತಳಿಗೆ ಬಾಯಿಂದ ನುಂಗುವ ಔಷಧಗಳಲ್ಲಿ ಉಳಿದದ್ದು ಅಜಿತ್ರೋಮೈಸಿನ್ ಒಂದೇ.

ಹಾಗಾದರೆ ನಿಮ್ಮ ಮೈಯಲ್ಲಿರುವ ತಳಿ ಯಾವ ಔಷಧಕ್ಕೆ ಬಗ್ಗುತ್ತದೆ? ಮುಖ ನೋಡಿ ಹೇಳಲಾಗದು. 1896ರಿಂದ ನಡೆದು ಬಂದಿರುವ, ರಕ್ತದಲ್ಲಿನ ಪ್ರತಿಕಾಯಗಳನ್ನಷ್ಟೇ ನೋಡುವ ವಿಡಾಲ್ ಪರೀಕ್ಷೆಯೂ ಹೇಳಲಾರದು. ಆ ಚೀಟಿಯನ್ನು ನಂಬಿ ಔಷಧದ ಮೇಲೆ ಔಷಧ ಬದಲಿಸುವುದನ್ನು ಕಂಡಾಗ ನನಗೆ ತಾಳ್ಮೆ ಉಳಿಯುವುದಿಲ್ಲ. ಕಲ್ಚರ್ ಮಾತ್ರ ಬ್ಯಾಕ್ಟೀರಿಯಾವನ್ನು ಬೆಳೆಸಿ, ಒಂದೊಂದೇ ಔಷಧವನ್ನು ಅದರ ಎದುರಿಗಿಟ್ಟು ನೋಡುತ್ತದೆ. ಎರಡು ಮಾತ್ರೆ ನುಂಗಿ ಬಂದವರ ರಕ್ತದಲ್ಲಿ ಅದು ಬೆಳೆಯದೇ ಹೋಗಬಹುದು. ಆದ್ದರಿಂದ ಮಾತ್ರೆ ಆಮೇಲೆ, ರಕ್ತ ಮೊದಲು. ವರದಿ ಬರುವವರೆಗೆ ಔಷಧವಿಲ್ಲದೆ ನರಳಿ ಎನ್ನುತ್ತಿಲ್ಲ. ರಕ್ತ ಕೊಟ್ಟ ಕೂಡಲೇ ವೈದ್ಯರು ಚಿಕಿತ್ಸೆ ಆರಂಭಿಸಬಹುದು.

ಸಮಯ ಮುಗಿಯುತ್ತಿದೆ. ಲಸಿಕೆಯ ಬಗ್ಗೆ ಒಂದೇ ವಾಕ್ಯ: ಆರು ತಿಂಗಳ ಮಗುವಿಗೂ ಕೊಡಬಹುದಾದ ಟೈಫಾಯ್ಡ್ ಕಾಂಜುಗೇಟ್ ಎಂಬ ಲಸಿಕೆ ಇದೆ, ಈ ಹಠಮಾರಿ ತಳಿಗಳಿಂದಲೂ ಅದು ಕಾಪಾಡುತ್ತದೆ, ವೈದ್ಯರನ್ನು ಕೇಳಿ.

ಕಲ್ಚರ್‌ಗೆ ದೊಡ್ಡವರಿಂದ ಎಂಟು ಹತ್ತು ಮಿಲಿಲೀಟರ್ ರಕ್ತ ತೆಗೆಯುತ್ತಾರೆ. ಇಷ್ಟೇಕೆ ಎಂದು ಕೈ ಹಿಂದೆಳೆಯಬೇಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಈ ಬ್ಯಾಕ್ಟೀರಿಯಾ ಒಂದೇ ಒಂದು ಇರುವುದೂ ಉಂಟು. ನಮಸ್ಕಾರ.