ಗೋಡೆ ಬಿಟ್ಟ ನಕ್ಷತ್ರ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಿ ಕೂತು ಕಡಲಿನ ಜೀವಿಯ ಆರೈಕೆಯ ಬಗ್ಗೆ ಮಾತನಾಡುವವನನ್ನು ಕಂಡು ನಿಮಗೆ ನಗು ಬಂದರೆ ತಪ್ಪಿಲ್ಲ. ಘಟ್ಟ ಇಳಿಯದೆ ಸಮುದ್ರ ಕಾಣದ ಊರು ನಮ್ಮದು. ಆದರೂ ನಮ್ಮ ನಡುಮನೆಯಲ್ಲಿ 200 ಲೀಟರ್ ಉಪ್ಪುನೀರು ಹಿಡಿಯುವ ಗಾಜಿನ ತೊಟ್ಟಿಯಿದೆ, ಅದರೊಳಗೆ ಅಂಗೈ ಅಗಲದ ಒಂದು ನಕ್ಷತ್ರಮೀನು. ಕೆನೆಬಣ್ಣದ ಮೈ, ಬೆನ್ನ ಮೇಲೆ ಕಂದು ಮೊನೆಗಳು. ಅಂಗಡಿಯವರು ಚಾಕೊಲೇಟ್ ಚಿಪ್ ಎನ್ನುತ್ತಾರೆ. ಮೀನು ಎಂಬುದು ಹೆಸರಿಗಷ್ಟೇ. ಅದಕ್ಕೆ ಬೆನ್ನುಮೂಳೆಯೂ ಇಲ್ಲ, ಮಿದುಳೂ ಇಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ ಅದು ಗಾಜಿನ ಗೋಡೆ ಬಿಟ್ಟು ಮರಳಿನ ಮೇಲೆ ಬಿದ್ದಿತ್ತು. ಸೆಟೆದಿರಬೇಕಾದ ತೋಳುಗಳು ನೆನೆದ ಹಪ್ಪಳದಂತೆ ಜೋತಿದ್ದವು. ಒಂದು ತೋಳಿನ ತುದಿಯಲ್ಲಿ ಬಿಳಿ ಹುಣ್ಣು. ನನ್ನ ಜೀವ ಹಾರಿತು. 2013ರಿಂದ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಕ್ಷತ್ರಮೀನುಗಳು ಕರಗಿ ಸತ್ತ ಕಥೆಯನ್ನು ಓದಿದ್ದೆ. ವಿಬ್ರಿಯೊ ಪೆಕ್ಟೆನಿಸಿಡಾ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಕಾರಣ ಎಂದು ವಿಜ್ಞಾನಿಗಳು ಪ್ರಕಟಿಸಿದ್ದು 2025ರಲ್ಲಿ. ಅದೇ ಮಾರಿ ನಮ್ಮ ಮನೆಗೂ ಬಂತು ಎಂದುಕೊಂಡು, ಮೀನುಗಳ ಬಿಳಿಚುಕ್ಕೆ ರೋಗಕ್ಕೆ ತಂದಿಟ್ಟಿದ್ದ ಔಷಧದ ಬಾಟಲಿ ಎತ್ತಿಕೊಂಡೆ. ಪುಣ್ಯಕ್ಕೆ ಚೀಟಿ ಓದಿದೆ. ಅದರಲ್ಲಿ ತಾಮ್ರವಿತ್ತು. ಮೀನು ತಾಳಿಕೊಳ್ಳುವಷ್ಟು ತಾಮ್ರ ನಕ್ಷತ್ರಮೀನಿಗೆ ವಿಷ. ಮನೆಯಲ್ಲಿ ಅಂಥ ಬಾಟಲಿ ಇದ್ದರೆ ತೊಟ್ಟಿಯಿಂದ ದೂರವಿಡಿ.

ರೋಗ ಯಾವುದು ಎಂದು ಕೇಳುವ ಮೊದಲು ನೀರು ಹೇಗಿದೆ ಎಂದು ಕೇಳಬೇಕಿತ್ತು. ಈ ಪ್ರಾಣಿಯ ಮೈಯೊಳಗೆ ಹರಿಯುವುದು ಹೆಚ್ಚುಕಡಿಮೆ ಸಮುದ್ರದ ನೀರೇ. ಬೆನ್ನಿನ ಮೇಲೆ, ನಟ್ಟನಡುವಿನಿಂದ ತುಸು ಸರಿದು, ಜರಡಿಯಂಥ ಒಂದು ಬಿಲ್ಲೆಯಿದೆ. ಒಳಗಿನ ನಾಳಗಳು ಅಲ್ಲಿ ಹೊರಗಿನ ನೀರಿಗೆ ತೆರೆದುಕೊಳ್ಳುತ್ತವೆ. ಅಡಿಯಲ್ಲಿರುವ ನೂರಾರು ಪುಟ್ಟ ಕೊಳವೆಗಾಲುಗಳು ಚಾಚಿಕೊಳ್ಳುವುದು ನೀರಿನ ಒತ್ತಡದಿಂದ. ಹೊರಗೆ ಉಪ್ಪು ಏರಿದರೆ ಒಳಗೂ ಏರುತ್ತದೆ. ತಡೆಯುವ ಶಕ್ತಿ ಅದಕ್ಕಿಲ್ಲ.

ಅಳೆದು ನೋಡಿದರೆ ನೀರಿನ ಸಾಪೇಕ್ಷ ಸಾಂದ್ರತೆ, ಅಂದರೆ ಸಿಹಿನೀರಿನ ಎಷ್ಟು ಪಟ್ಟು ಭಾರ ಎಂಬ ಅಳತೆ, 1.030. ಉಪ್ಪು ಹೆಚ್ಚಿದಷ್ಟೂ ಇದು ಏರುತ್ತದೆ. ಇರಬೇಕಾದದ್ದು 1.025, ಹೆಚ್ಚೆಂದರೆ 1.026. ಎಲ್ಲಿಂದ ಬಂತು ಇಷ್ಟು ಉಪ್ಪು? ಏಪ್ರಿಲ್ ಬಿಸಿಲಿಗೆ, ಫ್ಯಾನಿನ ಗಾಳಿಗೆ, ದಿನಕ್ಕೆ ಮೂರು ಲೀಟರ್ ಆರಿಹೋಗುತ್ತಿತ್ತು. ನಾನು ಶ್ರದ್ಧೆಯಿಂದ ಪ್ರತಿದಿನ ಮೂರು ಲೀಟರ್ ಉಪ್ಪುನೀರನ್ನೇ ಕಲಸಿ ಸುರಿಯುತ್ತಿದ್ದೆ. ಲೀಟರಿಗೆ 35 ಗ್ರಾಂ ಲೆಕ್ಕ ಹಾಕಿ: ಹತ್ತು ದಿನಕ್ಕೆ ಒಂದು ಕಿಲೋಗೂ ಮಿಕ್ಕು!

ನನ್ನ ಲೆಕ್ಕಾಚಾರವನ್ನು ಬಾಗಿಲಲ್ಲಿ ನಿಂತು ಕೇಳಿದ ಅಕ್ಕ, ‘ಸಾರು ಬತ್ತಿದರೆ ಬರೀ ನೀರು ಹಾಕುತ್ತಾರೆ ಕಣೋ. ಉಪ್ಪುನೀರು ಹಾಕುತ್ತಾರಾ?’ ಎಂದಳು. ನಾನು ಓದಿದ್ದ ಪುಟಗಳೆಲ್ಲ ಆ ಒಂದು ಮಾತಿನ ಮುಂದೆ ಸಪ್ಪೆಯಾದವು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಮೇಲೆ ತುಂಬಬೇಕಾದದ್ದು ಸಿಹಿನೀರು, ಅದೂ ಆರ್‌ಓ ನೀರು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ನಮ್ಮ ಕಡೆಯ ಬೋರ್‌ವೆಲ್ ನೀರಿನ ಗಡಸುತನ ಪಾತ್ರೆಯ ತಳದ ಬಿಳಿಕಲೆಯಲ್ಲೇ ಕಾಣುತ್ತದೆ.

ತಪ್ಪು ಗೊತ್ತಾದ ಕೂಡಲೇ ಬಕೆಟ್ ತುಂಬ ಸಿಹಿನೀರು ಸುರಿಯಲು ಕೈ ತುರಿಸುತ್ತದೆ. ಸುರಿಯಬೇಡಿ. ಕೆಟ್ಟ ನೀರಿಗಿಂತ ಥಟ್ಟನೆ ಬದಲಾದ ನೀರು ಇದನ್ನು ಬೇಗ ಕೊಲ್ಲುತ್ತದೆ. ದಿನಕ್ಕೆ 0.001ರಷ್ಟೇ ಇಳಿಸುತ್ತ ಬಂದೆ, ನಾಲ್ಕು ದಿನ ಹಿಡಿಯಿತು. ಹೊಸದಾಗಿ ತಂದ ನಕ್ಷತ್ರಮೀನಿಗೂ ಇದೇ ತಾಳ್ಮೆ ಬೇಕು: ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವಂತೆ ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಅದರ ಡಬ್ಬಿಗೆ ಬಿಡುತ್ತ ಮೂರು ನಾಲ್ಕು ಗಂಟೆ ಕಾಯಬೇಕು.

ಆ ನಾಲ್ಕು ದಿನ ಬೇರೇನೂ ಮಾಡಲಿಲ್ಲ ಎಂದಲ್ಲ. ತೊಟ್ಟಿಯ ಕೊಳಕಿನಿಂದ ಹುಟ್ಟುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇವೆಯೇ ಎಂದು ದಿನವೂ ಪರೀಕ್ಷಿಸಿದೆ. ನೀರಿನ ಬಿಸಿಯನ್ನು 26 ಡಿಗ್ರಿಯ ಆಸುಪಾಸಿಗೆ ತರಲು ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದೆ. ಕರೆಂಟ್ ಹೋದಾಗ ಬ್ಯಾಟರಿಯ ಗಾಳಿಪಂಪು ಹಚ್ಚಿದೆ. ನಕ್ಷತ್ರಮೀನನ್ನು ಮಾತ್ರ ಕೈಯಲ್ಲಿ ಹಿಡಿದು ನೀರಿನಿಂದ ಮೇಲೆತ್ತಲಿಲ್ಲ. ಜಾಗ ಬದಲಿಸಲೇಬೇಕಾದರೆ ಡಬ್ಬಿಯನ್ನು ನೀರೊಳಗೆ ಮುಳುಗಿಸಿ, ನೀರಿನ ಸಮೇತ ತೆಗೆಯಬೇಕು. ಒಂದು ವೇಳೆ ಸತ್ತರೆ ಕೂಡಲೇ ಹೊರತೆಗೆಯಬೇಕು, ಇಲ್ಲವಾದರೆ ಕೊಳೆತು ಇಡೀ ತೊಟ್ಟಿಯನ್ನೇ ಕೆಡಿಸುತ್ತದೆ.

ಐದನೆಯ ದಿನ ಕಡಲೆಬೇಳೆಯಷ್ಟು ಸಿಗಡಿಯ ತುಂಡನ್ನು ಇಕ್ಕಳದಲ್ಲಿ ಹಿಡಿದು ಅದರ ತೋಳಿನಡಿಗೆ ಸರಿಸಿದೆ. ಇದು ತಿನ್ನುವ ಬಗೆಯೇ ವಿಚಿತ್ರ, ಹೊಟ್ಟೆಯನ್ನೇ ಬಾಯಿಂದ ಹೊರಚಾಚಿ ಆಹಾರವನ್ನು ಮುಚ್ಚಿಕೊಳ್ಳುತ್ತದೆ. ಬಹಳ ಹೊತ್ತು ಏನೂ ಆಗಲಿಲ್ಲ. ಬಳಿಕ ಕೊಳವೆಗಾಲುಗಳು ಒಂದೊಂದಾಗಿ ಚಾಚಿ, ತುಂಡನ್ನು ನಡುವಿಗೆ ಸಾಗಿಸಿದವು. ಅಕ್ಕನನ್ನು ಕೂಗಿ ಕರೆದು ತೋರಿಸಿದೆ. ‘ನಿನಗಿಂತ ನಿಧಾನಕ್ಕೆ ಊಟ ಮಾಡುತ್ತದೆ’ ಎಂದು ಒಳಗೆ ಹೋದಳು.

ಹುಣ್ಣಾಗಿದ್ದ ತುದಿ ಉದುರಿಹೋಯಿತು. ಈಗ ತಿಂಗಳುಗಳ ಮೇಲೆ, ಅಲ್ಲಿ ಜೋಳದ ಕಾಳಿನಷ್ಟು ತೆಳುಬಣ್ಣದ ಮೊಳಕೆ ಕಾಣುತ್ತಿದೆ. ಕಂದು ಮೊನೆ ಇನ್ನೂ ಮೂಡಿಲ್ಲ.

ನಮಸ್ಕಾರ.