ಗಂಗಾವತಿ ಎರೆ ಹೊಲದಲ್ಲಿ ಕುದುರೆ ಅಂಗಳ: ಮರಳಿನ ರಗಳೆ

ಜೆಸಿಬಿ ಸದ್ದು ಜಾಸ್ತಿ ಇತ್ತು, ಅದಕ್ಕೇ ಈ ಡ್ರೋನ್ ವಿಡಿಯೋಗೆ ಮಾತು ಆಮೇಲೆ ಸೇರಿಸಿದ್ದೇನೆ. ಇದು ಗಂಗಾವತಿ ಹತ್ತಿರದ ನಮ್ಮ ಹೊಲ. ಸುತ್ತ ಭತ್ತ, ಮಧ್ಯೆ ನಮ್ಮ ಹುಚ್ಚು. ಸವಾರಿ ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ. ದೊಡ್ಡ ಡ್ರೆಸಾಜ್ (ಕುದುರೆಯ ಶಿಸ್ತಿನ ನಡಿಗೆ) ಸ್ಪರ್ಧೆಗೆ 20ಕ್ಕೆ 60 ಬೇಕು. ನಮಗೆ ಯಾಕೆ ಅಷ್ಟು? ಇರುವುದೇ ಎರಡು ಕುದುರೆ, ಅದರಲ್ಲಿ ಒಂದು ಸೋಮಾರಿ.

ಎರೆ ಮಣ್ಣಿನ ಸಂಗತಿ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ನೇರ ಮರಳು ಸುರಿದರೆ ಸ್ವಲ್ಪ ದಿನಕ್ಕೆ ಮರಳು ಕೆಳಗೆ, ಕೆಸರು ಮೇಲೆ. ಅದಕ್ಕೇ ನೀರು ಬಿಟ್ಟು ಮಣ್ಣು ತಡೆಯುವ ಈ ಬಿಳಿ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲೆ ಗರಸು, ಜಲ್ಲಿ, ರೋಲರ್. ನೀರು ಹರಿಯಲು 1% ಇಳಿಜಾರು. ಅಂದರೆ ಅಗಲಕ್ಕೆ ಈ ಅಂಚಿಗೂ ಆ ಅಂಚಿಗೂ 20 ಸೆಂಟಿಮೀಟರ್ ವ್ಯತ್ಯಾಸ. ಕಣ್ಣಿಗೆ ಕಾಣೋದೇ ಇಲ್ಲ, ಅಲ್ವಾ?

ಈಗ ಬಂತು ನೋಡಿ ಟಿಪ್ಪರ್. ನನ್ನ ಸಿಟ್ಟೆಲ್ಲ ಇದರ ಮೇಲೇ.

ತುಂಗಭದ್ರೆ ಮರಳು ಹಾಕಿ ಅಂತ ಊರವರೆಲ್ಲ ಹೇಳಿದರು. ಹೊಳೆ ಮರಳಿನ ಕಾಳು ದುಂಡಗೆ. ಗೊರಸಿನ ಕೆಳಗೆ ಉರುಳುತ್ತದೆ, ಕುದುರೆಗೆ ಹಿಡಿತ ಸಿಗುವುದಿಲ್ಲ. ಮೂಲೆ ಇರುವ ಕಾಳು ಬೇಕು, ಒಂದಕ್ಕೊಂದು ಕಚ್ಚಿಕೊಳ್ಳಬೇಕು. ಹಾಗಾಗಿ ಎಂ ಸ್ಯಾಂಡ್, ಅಂದರೆ ಕ್ರಷರಲ್ಲಿ ಕಲ್ಲು ಪುಡಿ ಮಾಡಿದ ಮರಳು. ಮೂರು ಇಂಚು ದಪ್ಪಕ್ಕೆ 60 ಘನ ಮೀಟರ್, ತೂಕಕ್ಕೆ ಸುಮಾರು 100 ಟನ್. ಇನ್ನೂ ದಪ್ಪ ಹಾಕಿದರೆ ಕಾಲು ಹೂತು ಸ್ನಾಯು ಎಳೆಯುತ್ತದೆ.

ತೊಳೆದ ಮರಳು ಅಂತ ಫೋನಲ್ಲಿ ಹೇಳಿದ್ದೆ. ಎರಡು ಸಲ ಹೇಳಿದ್ದೆ. ಟಿಪ್ಪರ್ ಎತ್ತಿದ್ದೇ ತಡ, ಆ ಧೂಳು ನೋಡಿ! ಎದುರಿಗಿದ್ದ ಡ್ರೈವರ್ ಕಾಣ್ತಿಲ್ಲ. ಬಾಟಲಿಗೆ ಒಂದು ಹಿಡಿ ಹಾಕಿ, ನೀರು ಸೇರಿಸಿ ಕುಲುಕಿ ಇಟ್ಟೆ. ಕೆಳಗೆ ಕಾಳು, ಮೇಲೆ ಬೂದು ಕೆನೆ, ಬೆರಳು ದಪ್ಪ. ಮರಳು ಕಳಿಸಿದವರಿಗೆ ಫೋನ್ ಮಾಡಿದರೆ, 'ಸಾರ್, ಬಿಲ್ಡಿಂಗಿಗೆ ಇದೇ ಹೋಗೋದು' ಅಂದರು. ಅದು ಸುಳ್ಳಲ್ಲ. ಕಾಂಕ್ರೀಟಿನ ಮರಳು, ಜಲ್ಲಿಗೆ ಐಎಸ್ 383 ಅಂತ ಭಾರತೀಯ ಮಾನದಂಡ ಇದೆ. ಕ್ರಷರ್ ಮರಳಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಪುಡಿ 15% ತನಕ ಇರಬಹುದು. ಸ್ವಾಮಿ, ನಾನು ಮನೆ ಕಟ್ತಾ ಇಲ್ಲ! ಆ ಪುಡಿ ಮಳೆಗೆ ಗಟ್ಟಿಯಾಗುತ್ತದೆ, ಬಿಸಿಲಿಗೆ ಹಾರಿ ಕುದುರೆಯ ಶ್ವಾಸಕ್ಕೆ ಹೋಗುತ್ತದೆ. ವಾಪಸ್ ಒಯ್ಯಿ ಅಂದರೆ ಬಾಡಿಗೆ ನನ್ನದೇ ಅಂತೆ. ಮರಳಿನ ದರಕ್ಕಿಂತ ಬಾಡಿಗೆ ಜಾಸ್ತಿ! ಅರ್ಧ ಗಂಟೆ ಜಗಳದ ಮೇಲೆ ಆ ಲೋಡನ್ನು ಹೊಲದ ದಾರಿಗೆ ಹಾಸಿದ್ದಾಯಿತು. ಉಳಿದದ್ದು ತೊಳೆದ ಮರಳೇ ಬರಬೇಕು, ಬಾಟಲಿ ಪರೀಕ್ಷೆ ಆಗದೆ ಟಿಪ್ಪರ್ ಎತ್ತುವಂತಿಲ್ಲ ಅಂತ ಮಾತಾಯಿತು.

ಅಂದಹಾಗೆ, ಹೊಳೆ ಆಚೆ ಹಂಪಿಯ ಮಹಾನವಮಿ ದಿಬ್ಬದಲ್ಲಿ ಕುದುರೆಗಳ ಸಾಲೇ ಕೆತ್ತಿದ್ದಾರೆ. ಆಗ ಅರಬ್ ದೇಶದಿಂದ ಹಡಗಲ್ಲಿ ಬರುತ್ತಿದ್ದವು. ಅವರು ನೆಲಕ್ಕೆ ಏನು ಹಾಕುತ್ತಿದ್ದರೋ, ಯಾರಾದರೂ ಅದನ್ನೂ ಕೆತ್ತಿದ್ದರೆ ಉಪಕಾರವಾಗುತ್ತಿತ್ತು.

ಹೊರದೇಶದಲ್ಲಿ ಮರಳಿಗೆ ಬಟ್ಟೆಯ ನಾರು ಕಲಸುತ್ತಾರೆ. ಮರಳು ಹಿಡಿದುಕೊಳ್ಳುತ್ತದೆ, ತೇವ ನಿಲ್ಲುತ್ತದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದು ಉಳಿದ ಚೂರು ರಾಶಿ ರಾಶಿ ಸಿಗುತ್ತದಲ್ಲ ಅಂತ ಗೆಳೆಯ ಹೇಳಿದ. ಸುಮ್ನೆ ತಲೆ ತಿನ್ನಬೇಡ ಅಂದೆ. ಹತ್ತಿ ಕೊಳೆಯುತ್ತದೆ, ಪಾಲಿಯೆಸ್ಟರ್ ನಾರೇ ಬೇಕು. ಆದರೂ ಒಂದು ಮೂಲೆಯಲ್ಲಿ ಹಾಕಿ ನೋಡಿದರೆ ತಪ್ಪೇನು? ನೋಡೋಣ. 60 ಮೀಟರ್ ಮಾಡಿದ್ದರೂ ಚೆನ್ನಾಗಿರುತ್ತಿತ್ತು ಅನ್ನಿಸ್ತಿದೆ ಈಗ.

ಅಯ್ಯೋ, ಡ್ರೋನ್ ಇಳೀತಾ ಇದೆ, ಬ್ಯಾಟರಿ ಮುಗೀತು. ನೀರು ಹೊಡೆಯೋದು, ಬೇಲಿ ಹಾಕೋದು ಮುಂದಿನ ವಿಡಿಯೋದಲ್ಲಿ. ಲೇ, ಆ ಬಾಟಲಿ ನೀರು ಕುಡೀಬೇಡ್ರೋ!